ಒಂದು ಅಂಕದ ಮೈಟೊಕಾಂಡ್ರಿಯಾ

'ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ' ಎಂದು ಬರೆದು ಒಂದು ಅಂಕ ಗಿಟ್ಟಿಸಿದವರೇ ನಾವೆಲ್ಲ. ಬಿಇಗೆ ಬಂದ ಮೇಲೆ ಜೀವಶಾಸ್ತ್ರದ ಗೊಡವೆಯೇ ಇಲ್ಲ. ಆದರೆ ರೋಗನಿರೋಧಕ ಟಿ ಕೋಶದ ಬಗ್ಗೆ ಓದುತ್ತಾ ಹೋದಂತೆ ಆ ಉತ್ತರ ಸಾಲದು ಅನ್ನಿಸಿತು.

ಒಂದು ಗ್ಲೂಕೋಸ್ ಅಣುವನ್ನು ಮೈಟೊಕಾಂಡ್ರಿಯಾದವರೆಗೆ ಒಯ್ದು ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ. ಗ್ಲೈಕಾಲಿಸಿಸ್‌ಗೇ ನಿಲ್ಲಿಸಿದರೆ ಬರೀ 2. ಆದರೂ ವೈರಸ್ ಕಂಡು ಎಚ್ಚೆತ್ತ ಟಿ ಕೋಶ, ಆಮ್ಲಜನಕ ಇದ್ದರೂ, ಈ ಎರಡನೇ ದಾರಿಯನ್ನೇ ಜೋರು ಮಾಡುತ್ತದೆ. ಮೈಲೇಜ್ ಲೆಕ್ಕ ಹಾಕುವ ನಮಗೆ ಇದು ದಡ್ಡತನ! ಅದಕ್ಕೆ ಬೇಕಿರುವುದು ಇಂಧನವಷ್ಟೇ ಅಲ್ಲ, ಬೇಗಬೇಗ ಹೊಸ ಕೋಶ ಕಟ್ಟಲು ಕಚ್ಚಾವಸ್ತು ಕೂಡ.

ಇದನ್ನು ಮೈಟೊಕಾಂಡ್ರಿಯಾ ಒಂದೇ ತೀರ್ಮಾನಿಸುವುದಿಲ್ಲ. ಅಮೈನೊ ಆಮ್ಲ ಸಾಕಷ್ಟಿದೆಯೇ ಎಂದು ನೋಡುವುದು ಲೈಸೊಸೋಮ್ ಮೇಲೆ. ಪಕ್ಕದಲ್ಲೇ ಅಂಟಿದಂತಿರುವ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಕ್ಯಾಲ್ಸಿಯಂ ದಾಟಿಸುತ್ತದೆ. ಅದು ಸುತ್ತಿಕೊಂಡ ಜಾಗದಲ್ಲೇ ಮೈಟೊಕಾಂಡ್ರಿಯಾ ತುಂಡಾಗುವುದು. ಕಾದಾಡುವ ಟಿ ಕೋಶದಲ್ಲಿ ಅವು ತುಂಡುತುಂಡು. ಹಳೆಯ ಸೋಂಕನ್ನು ನೆನಪಿಟ್ಟು ದೀರ್ಘಕಾಲ ಬಾಳುವ ಕೋಶದಲ್ಲಿ ಬೆಸೆದ ಜಾಲ. 2016ರಲ್ಲಿ ಎರಿಕಾ ಪಿಯರ್ಸ್ ತಂಡ ಇಲಿಯ ಟಿ ಕೋಶಗಳಲ್ಲಿ ಈ ಬೆಸುಗೆಯನ್ನು ಔಷಧದಿಂದ ಹೆಚ್ಚಿಸಿದಾಗ, ಅವು ಗಡ್ಡೆಯ ಮೇಲೆ ಇನ್ನೂ ಚೆನ್ನಾಗಿ ಹೋರಾಡಿದವು.

ಐಐಟಿ ಬಾಂಬೆಯಲ್ಲಿ ರೂಪುಗೊಂಡ ಕಾರ್-ಟಿ ಚಿಕಿತ್ಸೆಗೆ ನಮ್ಮಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ. ರೋಗಿಯದೇ ಟಿ ಕೋಶ ತೆಗೆದು, ತಿದ್ದಿ, ಬೆಳೆಸಿ ವಾಪಸ್ ಕೊಡುವ ಕೆಲಸ ಅದು. ಒಳಹೋದ ಕೋಶ ಬೇಗ ಸುಸ್ತಾದರೆ ಕ್ಯಾನ್ಸರ್ ಮರಳಬಹುದು.