ಅರ್ಧ ದಿನದ ಪೊಟ್ಯಾಶ್

ಕುಡಚಿಯ ಗೊಬ್ಬರದಂಗಡಿಯಿಂದ ಕೆಂಪು ಪೊಟ್ಯಾಶಿನ 50 ಕಿಲೋ ಚೀಲ ಹೊತ್ತು ಟ್ರ್ಯಾಕ್ಟರಿಗೆ ಹಾಕುವ ರೈತರನ್ನು ಕಂಡಾಗಲೆಲ್ಲ, ಅದರೊಳಗೆ ಏನಿದೆ ಎಂದು ನಿಲ್ಲಿಸಿ ಹೇಳಬೇಕು ಅನಿಸುತ್ತದೆ. ಆ ಚೀಲದಲ್ಲಿ ಪೊಟ್ಯಾಸಿಯಂ ಸುಮಾರು 25 ಕಿಲೋ. ಅದರಲ್ಲಿ ಮೂರು ಗ್ರಾಂನಷ್ಟು ಪೊಟ್ಯಾಸಿಯಂ-40. ಭೂಮಿ ಹುಟ್ಟಿದಂದಿನಿಂದಲೂ ವಿಕಿರಣ ಸೂಸುತ್ತ ಬಂದಿರುವ ಈ ಪರಮಾಣುಗಳು ಒಂದೊಂದು ಚೀಲದಲ್ಲೂ ಸೆಕೆಂಡಿಗೆ ಏಳೂವರೆ ಲಕ್ಷದಷ್ಟು ಕ್ಷಯಿಸುತ್ತಿರುತ್ತವೆ. ಹೆದರಬೇಕಿಲ್ಲ, ಚೀಲ ಹೊತ್ತವರ ಮೈಯಲ್ಲೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಇದೇ ಕೆಲಸ ನಡೆದಿರುತ್ತದೆ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ.

ನಾನು ಪರಿಚಯಿಸಬೇಕೆಂದಿರುವುದು ಇದರ ಅಲ್ಪಾಯುಷಿ ತಮ್ಮನನ್ನು. ಹೆಸರು ಪೊಟ್ಯಾಸಿಯಂ-42. ಅರ್ಧಾಯುಷ್ಯ 12 ಗಂಟೆ 22 ನಿಮಿಷ.

ಇದು ನೆಲದಲ್ಲಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಅದೇ ಗೊಬ್ಬರದ ಚೀಲದಲ್ಲಿ ಒಂದೂಮುಕ್ಕಾಲು ಕಿಲೋದಷ್ಟು ಪೊಟ್ಯಾಸಿಯಂ-41 ಇರುತ್ತದೆ, ತಣ್ಣಗಿನದು, ವಿಕಿರಣವಿಲ್ಲದ್ದು. ಅಂಥ ಲವಣವನ್ನು ಚಿಟಿಕೆಯಷ್ಟು ಪರಮಾಣು ರಿಯಾಕ್ಟರಿನೊಳಗೆ ಇಟ್ಟರೆ ಅದರ ಕೆಲವು ಪರಮಾಣುಗಳು ಒಂದೊಂದು ನ್ಯೂಟ್ರಾನ್ ನುಂಗಿ 42 ಆಗುತ್ತವೆ. ನಮ್ಮ ದೇಶದಲ್ಲಿ ರಿಯಾಕ್ಟರ್ ಮೊದಲು ಜೀವ ತಳೆದದ್ದು ಮುಂಬೈಯ ಟ್ರಾಂಬೆಯಲ್ಲಿ, 1956ರ ಆಗಸ್ಟ್ 4ರಂದು. ಹೆಸರು ಅಪ್ಸರಾ. ಅದನ್ನು ಕಟ್ಟಿದ ಹೋಮಿ ಭಾಭಾ ಅವರ ತಂಡದಲ್ಲಿ ಕನ್ನಡಿಗ ರಾಜಾ ರಾಮಣ್ಣ ಇದ್ದರು.

ಪೊಟ್ಯಾಸಿಯಂ-42 ಹುಟ್ಟಿದ ಗಳಿಗೆಯಿಂದಲೇ ಅದರ ಗಡಿಯಾರ ಓಡತೊಡಗುತ್ತದೆ. ಕುಡಚಿಯಲ್ಲಿ ಸಂಜೆ ರೈಲು ಹತ್ತಿದವರು ಬೆಳಕು ಹರಿಯುವ ಹೊತ್ತಿಗೆ ಮುಂಬೈ ಮುಟ್ಟುತ್ತಾರಲ್ಲ, ಅದೇ ಹಾದಿಯಲ್ಲಿ ಟ್ರಾಂಬೆಯಿಂದ ಒಂದು ಸೀಸೆ ಪೊಟ್ಯಾಸಿಯಂ-42 ಇತ್ತ ಬಂದರೆ ಕೃಷ್ಣಾ ಸೇತುವೆ ದಾಟುವಷ್ಟರಲ್ಲಿ ಸುಮಾರು ಅರ್ಧ ತೀರಿರುತ್ತದೆ. ಒಂದು ದಿನಕ್ಕೆ ಉಳಿಯುವುದು ಕಾಲುಭಾಗ. ಐದು ದಿನಕ್ಕೆ ಎಂಟುನೂರರಲ್ಲಿ ಒಂದು ಪಾಲು. ಅದಕ್ಕೇ ಗಿಡದೊಳಗೆ ಪೊಟ್ಯಾಸಿಯಂ ಸಾಗುವ ಹಾದಿ ಹುಡುಕಲು ಇದನ್ನು ಬಳಸುವವರು ಗಿಡವನ್ನು ಮೊದಲೇ ಸಜ್ಜು ಮಾಡಿಟ್ಟು, ಗಡಿಯಾರ ನೋಡುತ್ತ ಕಾದಿರಬೇಕು. ವಿಕಿರಣದ ಪ್ರತಿ ಎಣಿಕೆಯ ಪಕ್ಕ ಹೊತ್ತು ಬರೆದು, ಕಳೆದುಹೋದ ಪಾಲನ್ನು ಲೆಕ್ಕದಲ್ಲಿ ಮತ್ತೆ ಕೂಡಿಸಬೇಕು.

ಇಷ್ಟೊಂದು ಅವಸರದ ವಸ್ತುವೇ ಯಾಕೆ ಬೇಕು? ಪೊಟ್ಯಾಸಿಯಂ-40 ಎಲ್ಲ ಕಡೆಯೂ ಇದೆ: ಮಣ್ಣಿನಲ್ಲಿ, ಬೇರಿನಲ್ಲಿ, ಎಲೆಯಲ್ಲಿ. ಇಂದು ಹಾಕಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಅದರಿಂದ ತಿಳಿಯದು. 42 ಹಾಗಲ್ಲ. ಗಿಡದಲ್ಲಿ ಅದು ಕಂಡರೆ, ಈಗ ನಾವು ಕೊಟ್ಟದ್ದೇ ಸೈ. ಅದು ಚಿಮ್ಮಿಸುವ ಎಲೆಕ್ಟ್ರಾನುಗಳಿಗೂ ಕಸುವು ಹೆಚ್ಚು, ಪತ್ತೆಹಚ್ಚುವುದು ಸುಲಭ. ನೀರಿನಲ್ಲಿ ಒಂದೂವರೆ ಸೆಂಟಿಮೀಟರಿಗೂ ಮಿಕ್ಕಿ ಹೋಗಬಲ್ಲವು.

ಈ ಕಸುಬಿನಲ್ಲಿ ನನಗೆ ಬಲು ಇಷ್ಟವಾದ ಪ್ರಯೋಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯದು. ಬೇರು ಹೀರಿದ ಉಪ್ಪು ಮೇಲೇರುವುದು ತೊಗಟೆಯಲ್ಲೋ, ಒಳಗಿನ ಕಟ್ಟಿಗೆಯಲ್ಲೋ ಎಂಬ ಜಗಳ ಆಗ ಬಗೆಹರಿದಿರಲಿಲ್ಲ. ಅಲ್ಲಿನ ವಿಜ್ಞಾನಿಗಳಾದ ಸ್ಟೌಟ್ ಮತ್ತು ಹೋಗ್ಲಂಡ್ ವಿಲ್ಲೋ ಗಿಡದ ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿ, ತುಂಡಾಗದಂತೆ ಮೆಲ್ಲಗೆ ಬಿಡಿಸಿ, ನಡುವೆ ಮೇಣದ ಕಾಗದ ತೂರಿಸಿದರು. ಬೇರಿಗೆ ಪೊಟ್ಯಾಸಿಯಂ-42 ಉಣಿಸಿದರು. ಐದು ತಾಸಿನ ನಂತರ ನೋಡಿದರೆ ಕಾಗದವಿದ್ದ ಕಡೆ ಕಟ್ಟಿಗೆಯಲ್ಲಿ ತುಂಬ, ತೊಗಟೆಯಲ್ಲಿ ಇಲ್ಲವೆಂಬಷ್ಟು ಕಡಿಮೆ. ಕಾಗದವಿಲ್ಲದ ಕಡೆ ಎರಡರಲ್ಲೂ ಇತ್ತು. ಅಂದರೆ ಏರುವುದು ಕಟ್ಟಿಗೆಯ ಕೊಳವೆಗಳಲ್ಲಿ, ಹಾದಿಯುದ್ದಕ್ಕೂ ಪಕ್ಕದ ತೊಗಟೆಗೆ ಸೋರುತ್ತದೆ. ಒಂದು ಹಾಳೆ ಮೇಣದ ಕಾಗದ, ಅರ್ಧ ದಿನ ಬಾಳುವ ಒಂದು ಲವಣ! ಈ ಸಂಶೋಧನೆ ಪ್ರಕಟವಾದದ್ದು 1939ರಲ್ಲಿ. ಕುಡಚಿಯ ಹೊಳೆಯಾಚೆ ಉಗಾರ್ ಸಕ್ಕರೆ ಕಂಪನಿ ಹುಟ್ಟಿದ್ದೂ ಅದೇ ವರ್ಷ.

ಮುಂದೆ 1955ರಲ್ಲಿ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಕೇನ್ಸ್ ಇದೇ 42ನ್ನು ಸಮುದ್ರಜೀವಿಯ ನರದಲ್ಲಿ ಬಿಟ್ಟು ಪೊಟ್ಯಾಸಿಯಂನ ಓಡಾಟ ಅಳೆದರು. ದಿನಗಟ್ಟಲೆ ನಡೆಯುವ ಬೆಳೆ ಪ್ರಯೋಗಗಳಿಗೆ 18 ದಿನ ಮೀರಿದ ಅರ್ಧಾಯುಷ್ಯದ ರುಬಿಡಿಯಂ-86 ಬದಲಿಯಾಗಿ ನಿಲ್ಲುತ್ತದೆ. ಬದಲಿ ಎಷ್ಟೆಂದರೂ ಬದಲಿ. ಪೊಟ್ಯಾಸಿಯಂ ನಡೆದಂತೆಯೇ ಅದು ನಡೆಯುವುದಿಲ್ಲ.

ಕಬ್ಬಿಗೆ ಈ ತಿಳಿವಳಿಕೆ ದೂರದ್ದಲ್ಲ. ಎಲೆಯಲ್ಲಿ ಆದ ಸಕ್ಕರೆ ಗಣಿಕೆಗಿಳಿದು ಸೇರಲು ಪೊಟ್ಯಾಸಿಯಂ ಬೇಕೇ ಬೇಕು. ಗಿಡದೊಳಗೆ ಅದು ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಳ್ಳದೆ ರಸದಲ್ಲಿ ಕರಗಿಯೇ ಓಡಾಡುತ್ತದೆ. ಹಾಗಾಗಿ ಕಟಾವಿನ ನಂತರ ಹೊಲದಲ್ಲಿ ಬಿಟ್ಟ ರವದಿಯಿಂದ ಮಳೆಗೆ ಬೇಗ ತೊಳೆದು ಮಣ್ಣಿಗೆ ಮರಳುತ್ತದೆ, ಕುಳೆ ಕಬ್ಬಿಗೆ ಸಿಗುತ್ತದೆ. ಪೊಟ್ಯಾಶನ್ನು ಹೊರದೇಶದಿಂದ ತರಿಸಿಕೊಳ್ಳುವ ನಾವು ರವದಿಗೆ ಬೆಂಕಿ ಹಚ್ಚುವ ಮೊದಲು ಇದನ್ನು ನೆನೆಯಬೇಕು ಎಂದು ನನ್ನ ಕಳಕಳಿ.

ಇನ್ನು ಆ ಸೀಸೆಯ 42 ಎಲ್ಲಿಗೆ ಹೋಯಿತು? ಒಂದು ಎಲೆಕ್ಟ್ರಾನ್ ಉಗುಳಿ ಕ್ಯಾಲ್ಸಿಯಂ-42 ಆಯಿತು. ಅದಕ್ಕೆ ಕ್ಷಯವಿಲ್ಲ. ನಿಪ್ಪಾಣಿ ತಂಬಾಕಿಗೆ ಬೆರೆಸಿ ತಿಕ್ಕುವ ಸುಣ್ಣದ ಕ್ಯಾಲ್ಸಿಯಂನಲ್ಲೂ ನೂರೈವತ್ತಕ್ಕೆ ಒಂದರಂತೆ ಇರುವುದು ಅದೇ ಕ್ಯಾಲ್ಸಿಯಂ-42.