ಟಾರ್ಪಾಲಿನ ಕೇರಿ

ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ. ಊರಲ್ಲಿ ಮಳೆ ಇಲ್ಲ, ಕೂಲಿ ಇಲ್ಲ. ಹೊಟ್ಟೆ ಕೇಳಬೇಕಲ್ಲ!

ಅಲ್ಲಿ ಬಾಡಿಗೆ ಮನೆಗೆ ಮುಂಗಡ ಹಣ ಕೊಡಬೇಕು. ಎಲ್ಲಿಂದ ತರೋದು? ಖಾಲಿ ಜಾಗದಲ್ಲಿ ಕೋಲು ನೆಟ್ಟು ನೀಲಿ ಟಾರ್ಪಾಲು ಹೊದಿಸುತ್ತಾರೆ. ಅದೇ ಮನೆ. ಎಷ್ಟೋ ಕಡೆ ಆ ನೆಲಕ್ಕೂ ತಿಂಗಳಿಗಿಷ್ಟು ಅಂತ ಬಾಡಿಗೆ ಇದೆ. ಪುಕ್ಕಟೆ ಇದ್ದಾರೆ ಅನ್ನೋ ಮಾತು ಸುಳ್ಳು.

ನೀರಿನ ಪಾಡು ಕೇಳಿ. ನಲ್ಲಿ ಇಲ್ಲ. ಟ್ಯಾಂಕರ್ ಬಂದಾಗ ಕೊಡದ ಲೆಕ್ಕದಲ್ಲಿ ಕೊಳ್ಳಬೇಕು. ಕಾದು ನಿಂತರೆ ಆ ದಿನದ ಕೂಲಿ ಹೋಯಿತು. ಕಾಯುವವರು ಯಾರು? ಹೆಂಗಸರು, ಇಲ್ಲವೇ ಶಾಲೆ ಬಿಟ್ಟ ಹೆಣ್ಣುಮಕ್ಕಳು. ಪಾಯಖಾನೆ ಇಲ್ಲದ ಕಡೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಕತ್ತಲಾದರೆ ಭಯ ಬೇರೆ. ಮಳೆ ಬಂದರೆ ಮೋರಿ ನೀರು ಒಲೆಯ ತನಕ ಬರುತ್ತದೆ. ಮಕ್ಕಳಿಗೆ ವಾಂತಿ, ಭೇದಿ.

ಕೊಳಗೇರಿ ಜನ ಕೊಳಕರು ಅಂತ ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ನೀರೇ ಇಲ್ಲದ ಕಡೆ ಯಾರು ತಾನೇ ಚೊಕ್ಕಟವಾಗಿ ಇದ್ದಾರು?

ಈಗ ಕಾನೂನಿನ ಮಾತು. ನಮ್ಮ ರಾಜ್ಯದಲ್ಲಿ 1973ರ ಕೊಳಗೇರಿ ಕಾಯಿದೆ ಇದೆ. ವಾಸಕ್ಕೆ ಯೋಗ್ಯವಲ್ಲದ ಕೇರಿಯನ್ನು ಸರ್ಕಾರ ಕೊಳಗೇರಿ ಎಂದು ಘೋಷಿಸಬಹುದು. ಆಗ ಕೊಳಗೇರಿ ಅಭಿವೃದ್ಧಿ ಮಂಡಳಿ ನೀರು, ಚರಂಡಿ, ದೀಪ, ಪಾಯಖಾನೆ ಮಾಡಿಸಬಹುದು. ಘೋಷಣೆ ಆಗದ ಕೇರಿ ಲೆಕ್ಕಕ್ಕೆ ಬರುವುದೇ ಕಷ್ಟ. ಟಾರ್ಪಾಲಿನ ಎಷ್ಟೋ ಕೇರಿಗಳು ಹಾಗೇ ಉಳಿದಿವೆ. ಘೋಷಣೆ ಆದ ಮಾತ್ರಕ್ಕೆ ಜಾಗ ನಮ್ಮದು ಅಂದುಕೊಳ್ಳಬೇಡಿ. ಅದಕ್ಕೆ ಹಕ್ಕುಪತ್ರವೇ ಬೇಕು.

ಹಕ್ಕುಪತ್ರ ಇಲ್ಲದವರನ್ನು ರಾತ್ರೋರಾತ್ರಿ ಎಬ್ಬಿಸಬಹುದೇ? 1981ರಲ್ಲಿ ಮುಂಬಯಿಯ ಫುಟ್‌ಪಾತಿನ ಜನರನ್ನು ಎಬ್ಬಿಸಲು ಹೊರಟರು. ಮಾತು ಸುಪ್ರೀಂ ಕೋರ್ಟಿಗೆ ಹೋಯಿತು. 1985ರಲ್ಲಿ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು ಕೋರ್ಟು. ಎಬ್ಬಿಸಲೇಬಾರದು ಅಂತ ಮಾತ್ರ ಹೇಳಲಿಲ್ಲ. ಮೊದಲು ನೋಟೀಸು ಕೊಡಬೇಕು, ಜನರ ಮಾತು ಕೇಳಬೇಕು ಎಂದಿತು. ಆ ವರ್ಷದ ಮಳೆಗಾಲ ಮುಗಿಯುವ ತನಕ ಅವರನ್ನು ಎಬ್ಬಿಸಬೇಡಿ ಅಂತಲೂ ಹೇಳಿತು.

ಅದಕ್ಕೇ ಅಕ್ಕಂದಿರೇ, ನೋಟೀಸು ಬಂದರೆ ಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ. ಯಾರ ಹೆಸರಿದೆ, ಯಾವ ತಾರೀಖು ಇದೆ, ಓದಿ. ರೇಷನ್ ಕಾರ್ಡು, ಓಟಿನ ಕಾರ್ಡು, ಮಕ್ಕಳ ಶಾಲೆಯ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಇಲ್ಲೇ ಇದ್ದೆವು ಅನ್ನೋದಕ್ಕೆ ಅವೇ ಸಾಕ್ಷಿ. ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಜಿಲ್ಲಾ ಕೋರ್ಟಿಗೆ ಹೋಗಿ ಕೇಳಿ.