ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಮೊಗದ ಬ್ರಹ್ಮ

ಬ್ಯಾಂಕಾಕಿನ ಚಿತ್ ಲೋಮ್ ನಿಲ್ದಾಣದಲ್ಲಿ ಸ್ಕೈಟ್ರೇನ್ ಇಳಿದು, ರೈಲುಹಳಿಯ ಅಡಿಯಲ್ಲೇ ಸಾಗುವ ಕಾಲುಸೇತುವೆಯ ಮೇಲೆ ಪಶ್ಚಿಮಕ್ಕೆ ನಡೆದರೆ ಸ್ವಲ್ಪದರಲ್ಲೇ ರಾಚ್‌ಪ್ರಸೋಂಗ್ ವೃತ್ತ ಸಿಗುತ್ತದೆ. ಸುತ್ತಲೂ ಒಂದಕ್ಕಿಂತ ಒಂದು ದೊಡ್ಡ ಮಾಲ್‌ಗಳು, ಐಷಾರಾಮಿ ಹೋಟೆಲುಗಳು. ಕೆಳಗೆ ಬಸ್ಸು, ಟ್ಯಾಕ್ಸಿ, ಟುಕ್‌ಟುಕ್‌ಗಳ ಜಾತ್ರೆ. ಸೇತುವೆಯ ಕಂಬಿಗೆ ಒರಗಿ ನಿಂತರೆ ಊದುಬತ್ತಿಯ ಹೊಗೆ, ಚೆಂಡುಹೂವಿನ ಘಾಟು ಮೇಲೇರಿ ಬಂದು ಮೂಗಿಗೆ ತಾಗುತ್ತವೆ. ಬಗ್ಗಿ ನೋಡಿದರೆ ಮೂಲೆಯಲ್ಲೊಂದು ಬೇಲಿ ಕಟ್ಟಿದ ಪುಟ್ಟ ಅಂಗಳ. ನಡುವೆ ಗಾಜಿನ ಹರಳು ಹೊಳೆಯುವ ಮಂಟಪ, ಅದರೊಳಗೆ ಬಂಗಾರದ ಬಣ್ಣದ ಚತುರ್ಮುಖ ಬ್ರಹ್ಮ.

ಲಿಂಗದ ತುದಿ ಕಂಡೆನೆಂದು ಸುಳ್ಳು ಹೇಳಿ, ಅದಕ್ಕೆ ಕೇದಗೆಯನ್ನು ಸಾಕ್ಷಿಗೆ ಕರೆದು, ಭೂಲೋಕದಲ್ಲಿ ಪೂಜೆ ಇಲ್ಲದಂತೆ ಶಾಪ ಪಡೆದವನು ನಮ್ಮ ಪುರಾಣದ ಬ್ರಹ್ಮ. ಇಲ್ಲಿ ಆತನಿಗೆ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲ. ಆಫೀಸಿಗೆ ಓಡುವವರು ನಿಂತು ಕೈಮುಗಿಯುತ್ತಾರೆ. ಹಾಂಗ್‌ಕಾಂಗ್, ತೈವಾನ್, ಸಿಂಗಪುರ, ಮಲೇಷ್ಯಾಗಳಿಂದ ಇದಕ್ಕೆಂದೇ ಬರುವವರಿದ್ದಾರೆ. ಭಕ್ತರಲ್ಲಿ ಹೆಚ್ಚಿನವರು ಬೌದ್ಧರು.

ಹೋಟೆಲಿನ ಬುನಾದಿಯಿಂದ ಎದ್ದ ದೇವರು

ಈ ಗುಡಿಗೆ ಸ್ಥಳಪುರಾಣ ಹುಡುಕಲು ತಾಳೆಗರಿ ಬೇಕಿಲ್ಲ. 1950ರ ದಶಕದಲ್ಲಿ ಥಾಯ್ ಸರ್ಕಾರ ಈ ಮೂಲೆಯಲ್ಲಿ ‘ಎರಾವನ್’ ಎಂಬ ಹೋಟೆಲ್ ಕಟ್ಟಲು ಹೊರಟಿತು. ಎರಾವನ್ ಎಂದರೆ ನಮ್ಮ ಐರಾವತ. ಕೆಲಸ ಶುರುವಾದದ್ದೇ ತಡ, ವಿಘ್ನಗಳ ಸಾಲು: ಕೂಲಿಗಳಿಗೆ ಪೆಟ್ಟು, ಏರುತ್ತಲೇ ಹೋದ ಖರ್ಚು, ಹೋಟೆಲಿಗೆಂದು ತರಿಸಿದ ಇಟಲಿಯ ಅಮೃತಶಿಲೆ ಸಮುದ್ರದ ಪಾಲು. ಕೊನೆಗೆ ಜ್ಯೋತಿಷ್ಯ ಬಲ್ಲವರೆಂದು ಹೆಸರಾಗಿದ್ದ ನೌಕಾಪಡೆಯ ಅಧಿಕಾರಿ ಲುವಾಂಗ್ ಸುವಿಚಾನ್‌ಪೇತ್ ಅವರನ್ನು ಕೇಳಿದರು. ಶಂಕುಸ್ಥಾಪನೆಯ ಮುಹೂರ್ತ ಸರಿಯಿರಲಿಲ್ಲ, ಬ್ರಹ್ಮನನ್ನು ಪ್ರತಿಷ್ಠಾಪಿಸಿ ಎಂದು ಅವರು ಸೂಚಿಸಿದರು. ಲಲಿತಕಲಾ ಇಲಾಖೆ ರೂಪಿಸಿದ ಮೂರ್ತಿ 1956ರ ನವೆಂಬರ್ 9ರಂದು ಪೀಠ ಏರಿತು. ಆಮೇಲೆ ಕೆಲಸ ಸುಸೂತ್ರವಾಗಿ ಮುಗಿಯಿತು ಎನ್ನುವುದು ಎಲ್ಲರೂ ಹೇಳುವ ಕಥೆ. ಆ ಹಳೆಯ ಹೋಟೆಲನ್ನು ಕೆಡವಿ ಹೊಸದನ್ನು ಕಟ್ಟಿ ದಶಕಗಳೇ ಕಳೆದವು. ಬ್ರಹ್ಮನನ್ನು ಮಾತ್ರ ಯಾರೂ ಕದಲಿಸಲಿಲ್ಲ.

ಇದನ್ನು ಸರ್ಕಾರಿ ಮೂಢನಂಬಿಕೆ ಎಂದು ನಕ್ಕು ಮುಂದೆ ಹೋಗುವ ಮೊದಲು ಈ ಊರಿನ ಯಾವುದೇ ಮನೆ, ಅಂಗಡಿ, ಬ್ಯಾಂಕಿನ ಅಂಗಳವನ್ನು ನೋಡಬೇಕು. ಒಂಟಿ ಕಂಬದ ಮೇಲೆ ಗುಡಿಯಾಕಾರದ ಪುಟ್ಟ ಮನೆಯೊಂದು ಇದ್ದೇ ಇರುತ್ತದೆ. ಅದು ಸಾನ್ ಫ್ರಾ ಫೂಮ್, ಆ ಜಾಗದ ಭೂಮಿದೇವತೆಯ ಮನೆ. ನೆಲಕ್ಕೆ ಮೊದಲೇ ಒಬ್ಬ ಒಡೆಯನಿದ್ದಾನೆ, ನಾವು ಆಮೇಲೆ ಬಂದು ಕಟ್ಟಡ ಕಟ್ಟಿದವರು, ಹಾಗಾಗಿ ಅವನಿಗೊಂದು ನೆಲೆ ಕೊಡಬೇಕು ಎಂಬುದು ಇದರ ಹಿಂದಿನ ನ್ಯಾಯ. ದೊಡ್ಡ ಮನೆಯ ನೆರಳು ಈ ಪುಟ್ಟ ಮನೆಯ ಮೇಲೆ ಬೀಳದಂತೆ ಜಾಗ ನೋಡಿ ನಿಲ್ಲಿಸುತ್ತಾರೆ. ಎದುರಿಗೆ ಅನ್ನ, ಹಣ್ಣು, ಹೂವು, ಜೊತೆಗೆ ಕೊಳವೆ ಸಿಕ್ಕಿಸಿದ ಕೆಂಪು ಫ್ಯಾಂಟಾ ಬಾಟಲಿ. ಬೇರೆ ಬಣ್ಣದ ಪಾನೀಯಗಳೂ ಅಂಗಡಿಯಲ್ಲಿ ಸಿಗುತ್ತವೆ, ಆದರೆ ದೇವತೆಗೆ ಕೆಂಪೇ ಇಷ್ಟ. ಎರಾವನ್ ಬ್ರಹ್ಮ ಈ ಮನೆಮನೆಯ ಪದ್ಧತಿಯ ದೊಡ್ಡ ರೂಪ.

ಹರಕೆ ಹೊರುವುದು, ತೀರಿಸುವುದು

ಬೇಲಿ ದಾಟಿ ಒಳಗೆ ಹೋಗಲು ಟಿಕೆಟ್ ಇಲ್ಲ. ಊದುಬತ್ತಿ, ಮೇಣದಬತ್ತಿ, ಚೆಂಡುಹೂವಿನ ಹಾರ, ಮರದ ಪುಟ್ಟ ಆನೆ ಅಲ್ಲೇ ಸಿಗುತ್ತವೆ. ಎದುರಿನ ಮುಖದಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ನಾಲ್ಕೂ ಮುಖಗಳಿಗೆ ಕೈಮುಗಿಯುವುದು ಕ್ರಮ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ಬ್ರಹ್ಮವಿಹಾರಗಳನ್ನೇ ಈ ನಾಲ್ಕು ಮುಖಗಳಲ್ಲಿ ಬೌದ್ಧರು ಕಾಣುತ್ತಾರೆ. ಜ್ಞಾನೋದಯದ ಬಳಿಕ ಮೌನವಾಗಿರಲು ಬಯಸಿದ ಬುದ್ಧನನ್ನು ಧರ್ಮ ಬೋಧಿಸುವಂತೆ ಬೇಡಿಕೊಂಡವನೂ ಒಬ್ಬ ಬ್ರಹ್ಮನೇ ಎಂದು ಅವರ ಗ್ರಂಥಗಳು ಹೇಳುತ್ತವೆ. ಹಾಗಾಗಿ ಇವನು ಅವರಿಗೆ ಎರವಲು ತಂದ ದೇವರಲ್ಲ, ಹಳೆಯ ಪರಿಚಯದವನು.

ಥೇರವಾದದಲ್ಲಿ ಬುದ್ಧ ಗುರು. ಜೀವನದ ದಾರಿ ತೋರಿದವನ ಮುಂದೆ ಮಗನ ಪರೀಕ್ಷೆ, ಅಂಗಡಿಯ ಸಾಲ, ತಿಂಗಳಿಗೆರಡು ಬಾರಿ ಡ್ರಾ ಆಗುವ ಸರ್ಕಾರಿ ಲಾಟರಿಯ ಮಾತೆತ್ತಲು ಕೆಲವರಿಗೆ ಸಂಕೋಚ. ಬ್ರಹ್ಮನ ಮುಂದೆ ಆ ಸಂಕೋಚವಿಲ್ಲ. ಬೇಡಿಕೆ ಹೇಳುವಾಗಲೇ ನಡೆದರೆ ಏನು ಕೊಡುತ್ತೇನೆ ಎಂಬುದನ್ನೂ ಹೇಳಿಬಿಡಬೇಕು. ಹಾರವೋ, ಮರದ ಆನೆಯೋ, ನೃತ್ಯಸೇವೆಯೋ ಎಂಬುದು ಭಕ್ತರ ಆಯ್ಕೆ. ಮಾತು ಕೊಟ್ಟು ಮರೆತರೆ ಕೆಡುಕು ತಪ್ಪದು ಎಂಬ ಭಯ ಎಲ್ಲರಿಗೂ ಇದೆ.

ಮಂಟಪದ ಪಕ್ಕದ ಮಾಡಿನಡಿ ಕಿರೀಟ ತೊಟ್ಟ, ಜರಿಯ ಉಡುಗೆಯ ನರ್ತಕಿಯರು ಸಾಲಾಗಿ ಕೂತಿರುತ್ತಾರೆ. ಹರಕೆ ತೀರಿಸಲು ಬಂದವರು ನರ್ತಕಿಯರ ಸಂಖ್ಯೆಗೆ ತಕ್ಕ ಹಣ ಕಟ್ಟಿ ಹೆಸರು ಕೊಡುತ್ತಾರೆ. ಮರದ ಪಟ್ಟಿಗಳ ರನಾತ್ ವಾದ್ಯ ಮೊಳಗುತ್ತದೆ, ಡೋಲು ಸೇರುತ್ತದೆ. ಭಕ್ತರು ಮಂಡಿಯೂರಿ ಕೈಮುಗಿದಿರುವಾಗ ಅವರ ಹಿಂದೆ ನಿಂತು ನರ್ತಕಿಯರು ದೇವರ ಕಡೆ ಮುಖಮಾಡಿ ನಿಧಾನದ ಹೆಜ್ಜೆ ಹಾಕುತ್ತಾರೆ. ಕೆಲವೇ ನಿಮಿಷ, ಮುಗಿಯಿತು, ಮುಂದಿನ ಹೆಸರು. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ರಾತ್ರಿಯಿಡೀ ನಡೆಯುವ ಸೇವೆ ಇಲ್ಲಿ ಸಿಗ್ನಲ್ ದೀಪ ಒಂದೆರಡು ಸಲ ಬದಲಾಗುವಷ್ಟರಲ್ಲಿ ಸಲ್ಲುತ್ತದೆ. ಸೇವೆ ಮಾಡಿಸುವವರ ಮುಖದ ನಿರಾಳ ಮಾತ್ರ ಎರಡೂ ಕಡೆ ಒಂದೇ. ಕಾಣಿಕೆಯ ಹಣ ಒಂದು ಪ್ರತಿಷ್ಠಾನಕ್ಕೆ ಸೇರಿ, ಆಸ್ಪತ್ರೆಗಳಿಗೂ ಇತರ ದತ್ತಿಕಾರ್ಯಗಳಿಗೂ ಹೋಗುತ್ತದೆ.

ಈ ಅಂಗಳ ರಕ್ತವನ್ನೂ ಕಂಡಿದೆ. 2006ರ ಮಾರ್ಚ್ 21ರ ನಡುರಾತ್ರಿಯ ಬಳಿಕ ಮಾನಸಿಕ ಅಸ್ವಸ್ಥನೊಬ್ಬ ಸುತ್ತಿಗೆಯಿಂದ ಮೂರ್ತಿಯನ್ನು ಒಡೆದುಹಾಕಿದ. ಅಲ್ಲಿದ್ದವರು ಅವನನ್ನು ಹೊಡೆದು ಕೊಂದರು. ಕರುಣೆಯನ್ನು ಒಂದು ಮುಖವಾಗಿ ಉಳ್ಳ ದೇವರ ಎದುರಿಗೇ ನಡೆದ ಆ ಕೊಲೆಗೆ ಭಕ್ತಿಯ ಹೆಸರಿನಲ್ಲಿ ಸಮರ್ಥನೆ ಇಲ್ಲ. ಎರಡೇ ತಿಂಗಳಲ್ಲಿ, ಮೇ 21ಕ್ಕೆ, ಹೊಸ ಮೂರ್ತಿ ಬಂತು. 2015ರ ಆಗಸ್ಟ್ 17ರ ಸಂಜೆ ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ ಇಲ್ಲಿ ಬಾಂಬ್ ಸಿಡಿದು 20 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹಲವರು ಹೊರದೇಶಗಳಿಂದ ಬಂದವರು. ಮೂರ್ತಿಗೆ ಅಲ್ಪಸ್ವಲ್ಪ ಪೆಟ್ಟಾಗಿತ್ತು. ಎರಡೇ ದಿನದಲ್ಲಿ ಗುಡಿ ಮತ್ತೆ ತೆರೆಯಿತು.

ಮಾಲ್‌ಗೊಬ್ಬ ದೇವರು

ಒಂದು ಮೂಲೆಯ ಬ್ರಹ್ಮ ಹೆಸರು ಮಾಡಿದ ಮೇಲೆ ಉಳಿದ ಕಟ್ಟಡಗಳು ಸುಮ್ಮನಿರುತ್ತವೆಯೇ? ಪಕ್ಕದ ಅಮರಿನ್ ಕಟ್ಟಡದ ಮುಂದೆ ಹಸಿರು ಮೈಯ ಇಂದ್ರ ಕೂತಿದ್ದಾನೆ. ಅವನ ಎದುರಿಗೂ ಆನೆಗಳ ಸಾಲು. ರಸ್ತೆಯಾಚೆ ಇಂಟರ್‌ಕಾಂಟಿನೆಂಟಲ್ ಹೋಟೆಲಿನ ಮುಂದೆ ಗರುಡನನ್ನೇರಿದ ನಾರಾಯಣ, ವ್ಯಾಪಾರಕ್ಕೆ ಅವನ ರಕ್ಷೆ. ಗೇಸಾರ್ನ್ ಮಾಲಿನ ಮಹಾಲಕ್ಷ್ಮಿಯನ್ನು ನೋಡಲು ದುಬಾರಿ ಅಂಗಡಿಗಳ ನಡುವೆ ಹಾದು ಲಿಫ್ಟ್‌ನಲ್ಲಿ ಮೇಲೆ ಹೋಗಬೇಕು. ಲಕ್ಷ್ಮಿ ಇರಬೇಕಾದ ಜಾಗದಲ್ಲೇ ಇದ್ದಾಳೆ ಎನ್ನಬಹುದು. ರಾಚ್‌ದಮ್ರಿ ರಸ್ತೆಯ ಬಿಗ್ ಸಿ ಮಳಿಗೆಯ ಮುಂದೆ ಉಮಾದೇವಿ.

ಸೆಂಟ್ರಲ್‌ವರ್ಲ್ಡ್ ಮಾಲಿನ ಮುಂದಿನ ಬಯಲಿನಲ್ಲಿ ಗಣೇಶ ಮತ್ತು ತ್ರಿಮೂರ್ತಿ ಅಕ್ಕಪಕ್ಕ ಇದ್ದಾರೆ. ಸೃಷ್ಟಿ, ಸ್ಥಿತಿ, ಲಯಗಳ ತ್ರಿಮೂರ್ತಿಗೆ ಬ್ಯಾಂಕಾಕಿನ ಯುವಜನ ವಹಿಸಿರುವ ಖಾತೆ ಪ್ರೇಮ. ಗುರುವಾರ ರಾತ್ರಿ ಒಂಬತ್ತೂವರೆಗೆ ದೇವರು ಇಳಿದು ಬಂದು ಅಹವಾಲು ಕೇಳುತ್ತಾನಂತೆ. ಆ ಹೊತ್ತಿಗೆ ಕೆಂಪು ಗುಲಾಬಿ, ಕೆಂಪು ಮೇಣದಬತ್ತಿ, ಕೆಂಪು ಊದುಬತ್ತಿ ಹಿಡಿದ ಹುಡುಗ ಹುಡುಗಿಯರಿಂದ ಬಯಲು ತುಂಬುತ್ತದೆ. ಒಳ್ಳೆಯ ಸಂಗಾತಿ ಸಿಗಲಿ ಎಂದು ಕಣ್ಣುಮುಚ್ಚಿ ನಿಂತವರ ಬೆನ್ನಿಗೆ ಮಾಲಿನ ದೊಡ್ಡ ಪರದೆಯಲ್ಲಿ ಜಾಹೀರಾತುಗಳು ಓಡುತ್ತಿರುತ್ತವೆ. ಪಕ್ಕದ ಗಣೇಶನಿಗೆ ಇಲ್ಲಿ ಕಲಾವಿದರ ನಡುವೆ ವಿಶೇಷ ಗೌರವ. ಥಾಯ್ ಲಲಿತಕಲಾ ಇಲಾಖೆಯ ಲಾಂಛನದಲ್ಲೂ ಅವನೇ ಇದ್ದಾನೆ.

ಸೀಲೋಮ್ ರಸ್ತೆಯ ಅಮ್ಮ

ಮಾಲ್‌ಗಳ ದೇವರುಗಳಿಗೆ ಆಗಮದ ಪೂಜೆಯೂ ಇಲ್ಲ, ಗರ್ಭಗುಡಿಯೂ ಇಲ್ಲ. ಅವೆರಡೂ ಬೇಕೆಂದರೆ ಸೀಲೋಮ್ ರಸ್ತೆಗೆ ಹೋಗಬೇಕು. ಅಲ್ಲಿ ಪಾನ್ ರಸ್ತೆಯ ತಿರುವಿನಲ್ಲಿ ಬಣ್ಣಬಣ್ಣದ ಗೋಪುರವೆತ್ತಿ ನಿಂತಿದೆ ಶ್ರೀ ಮಹಾ ಮಾರಿಯಮ್ಮನ್ ದೇವಾಲಯ. 19ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ ತಮಿಳರು ಕಟ್ಟಿಕೊಂಡದ್ದು. ಊರಿನವರ ಬಾಯಲ್ಲಿ ಇದು ‘ವಾಟ್ ಖೇಕ್’, ಅಂದರೆ ಭಾರತೀಯರ ಗುಡಿ. ಥಾಯ್ ಭಾಷೆಯ ಅಧಿಕೃತ ಹೆಸರಿನಲ್ಲಿ ಮಾರಿಯಮ್ಮ ಉಮಾದೇವಿಯಾಗಿದ್ದಾಳೆ.

ಹೊಸ್ತಿಲು ದಾಟಿದರೆ ಎಣ್ಣೆದೀಪ, ತೆಂಗಿನಕಾಯಿ, ಬಾಳೆಹಣ್ಣಿನ ತಟ್ಟೆ, ಹಣೆಗೆ ಕುಂಕುಮ ಇಡುವ ಅರ್ಚಕರು, ಎಲ್ಲವೂ ನಮಗೆ ಗೊತ್ತಿದ್ದದ್ದೇ. ಒಳಗಿನ ಜನ ಮಾತ್ರ ಬೇರೆ. ಸಾಲಿನಲ್ಲಿ ನಿಂತವರಲ್ಲಿ ಭಾರತೀಯರಿಗಿಂತ ಥಾಯ್‌ಗಳೇ ಹೆಚ್ಚು. ನಮ್ಮ ದೇವತೆಗಳ ಜೊತೆ ಬುದ್ಧನ ಮೂರ್ತಿಯೂ ಇಲ್ಲಿ ಇದೆ. ನವರಾತ್ರಿಯ ಕೊನೆಗೆ, ವಿಜಯದಶಮಿಯ ರಾತ್ರಿ, ಅಮ್ಮನ ಮೆರವಣಿಗೆಗಾಗಿ ಬ್ಯಾಂಕುಗಳೂ ಕಚೇರಿಗಳೂ ತುಂಬಿದ ಸೀಲೋಮ್‌ನಲ್ಲಿ ಸಂಚಾರ ನಿಲ್ಲಿಸುತ್ತಾರೆ. ಮೆರವಣಿಗೆಯ ದಾರಿಯುದ್ದಕ್ಕೂ ಥಾಯ್ ಭಕ್ತರು ಚೆಂಡುಹೂವು ಹರಡಿ, ಮೇಜಿನ ಮೇಲೆ ತಮ್ಮ ತಮ್ಮ ದೇವರನ್ನಿಟ್ಟು ಕಾಯುತ್ತಾರೆ. ತಮಿಳರು ಕಟ್ಟಿದ ಗುಡಿ ಈಗ ಊರಿನ ಗುಡಿಯಾಗಿದೆ.

ಹಳೆಯ ಊರಿನ ಬಿಳಿ ಬಟ್ಟೆಯವರು

ಭಾರತದ ದೇವರುಗಳು ಇಲ್ಲಿಗೆ ತಮಿಳು ವರ್ತಕರ ಜೊತೆಗಷ್ಟೇ ಬಂದವರಲ್ಲ. ಅವರು ಅರಮನೆಯಲ್ಲಿ ಬಹಳ ಹಿಂದೆಯೇ ಇದ್ದರು. ನದಿಯ ಕಡೆಯ ಹಳೆಯ ಊರಿನಲ್ಲಿ, ದಿನ್ಸೋ ರಸ್ತೆಯ ಬದಿಗೆ ದೇವಸ್ಥಾನ್ ಎಂಬ ಸುಣ್ಣ ಬಳಿದ ಸರಳ ಆವರಣವಿದೆ. ಈಗಿನ ಚಕ್ರಿ ವಂಶದ ಮೊದಲ ದೊರೆ ಒಂದನೇ ರಾಮ 1784ರಲ್ಲಿ ಕಟ್ಟಿಸಿದ್ದು. ಶಿವ, ಗಣೇಶ, ನಾರಾಯಣರಿಗೆ ಒಂದೊಂದರಂತೆ ಮೂರು ಗುಡಿಗಳು. ಬಿಳಿ ಉಡುಗೆಯ, ತುರುಬು ಕಟ್ಟಿದ ರಾಜಪುರೋಹಿತರ ನೆಲೆ ಇದು. ಮನೆತನದ ಮೂಲ ದಕ್ಷಿಣ ಭಾರತ ಎಂದು ಹೇಳಿಕೊಳ್ಳುವ ಇವರ ಮಾತು ಥಾಯ್, ಬದುಕು ಬೌದ್ಧ, ವೃತ್ತಿ ಬ್ರಾಹ್ಮಣ. 2019ರಲ್ಲಿ ಈಗಿನ ದೊರೆಗೆ ಪಟ್ಟಾಭಿಷೇಕವಾದಾಗ ರಾಜಚಿಹ್ನೆಗಳನ್ನು ಕೈಗಿತ್ತವರು ಇವರ ಹಿರಿಯರೇ. ಮೇ ತಿಂಗಳಿನ ಸುಮಾರಿಗೆ ಅರಮನೆಯ ಮುಂದಿನ ಬಯಲಿನಲ್ಲಿ ನಡೆಯುವ ಹೊನ್ನಾರಿನಲ್ಲೂ ಇವರದೇ ಪೌರೋಹಿತ್ಯ. ಉಳುಮೆಯ ಎತ್ತುಗಳ ಮುಂದೆ ಏಳು ಬಗೆಯ ಆಹಾರ ಇಟ್ಟು, ಯಾವುದಕ್ಕೆ ಬಾಯಿ ಹಾಕಿದವು ಎಂಬುದರ ಮೇಲೆ ವರ್ಷದ ಮಳೆ ಬೆಳೆ ಹೇಳುತ್ತಾರೆ.

ದೇವಸ್ಥಾನದ ಹತ್ತಿರವೇ ನಡುರಸ್ತೆಯಲ್ಲಿ ಕೆಂಪು ಬಣ್ಣದ ಎರಡು ಭಾರಿ ತೇಗದ ಕಂಬಗಳು ಸುಮಾರು 21 ಮೀಟರ್ ಎತ್ತರಕ್ಕೆ ನಿಂತಿವೆ. ಇದೇ ‘ಸಾವೊ ಚಿಂಗ್ ಚಾ’, ದೈತ್ಯ ಉಯ್ಯಾಲೆ. ವರ್ಷಕ್ಕೊಮ್ಮೆ ಶಿವ ಭೂಮಿಗೆ ಬರುವ ಹಬ್ಬದಲ್ಲಿ ಯುವಕರು ಇದರಲ್ಲಿ ಜೀಕಿ, ಎತ್ತರದ ಬಿದಿರ ತುದಿಗೆ ಕಟ್ಟಿದ ಹಣದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ತರಬೇಕಿತ್ತು. 1935ರಲ್ಲಿ ಉಯ್ಯಾಲೆ ಆಟ ನಿಂತಿತು. ಕಂಬಗಳನ್ನು 2007ರಲ್ಲಿ ಹೊಸ ತೇಗದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹಬ್ಬದ ಪೂಜೆ ಮಾತ್ರ ದೇವಸ್ಥಾನದೊಳಗೆ ಇವತ್ತಿಗೂ ನಡೆಯುತ್ತದೆ. ಆಗ ಪುರೋಹಿತರು ಪಠಿಸುವುದರಲ್ಲಿ ತಮಿಳಿನ ತಿರುವೆಂಪಾವೈ, ತಿರುಪ್ಪಾವೈಗಳ ಪದ್ಯಗಳಿವೆ. ಮೇಲುಕೋಟೆಯಲ್ಲಿ ಧನುರ್ಮಾಸದ ಬೆಳಗಿನಲ್ಲಿ ಕೇಳುವ ಅದೇ ತಿರುಪ್ಪಾವೈ ಇಲ್ಲಿ ಶತಮಾನಗಳ ಬಾಯಿಪಾಠದಲ್ಲಿ ತಮಿಳರಿಗೂ ಗುರುತು ಹತ್ತದಷ್ಟು ಬದಲಾಗಿದೆ.

ಉಯ್ಯಾಲೆಯ ಎದುರಿಗೇ ವಾಟ್ ಸುಥತ್ ಎಂಬ ಬೌದ್ಧ ವಿಹಾರ. ಸುಖೋಥಾಯ್‌ನಿಂದ ತಂದ ದೊಡ್ಡ ಕಂಚಿನ ಬುದ್ಧ ಇಲ್ಲಿದ್ದಾನೆ. ಬೀದಿಯ ಗದ್ದಲದಿಂದ ಸುಸ್ತಾದವರು ಇವನ ಮುಂದೆ ಅರ್ಧ ಗಂಟೆ ಕೂರಬೇಕು. ಅಲ್ಲಿಂದ ಅರಮನೆಯತ್ತ ಹೋದರೆ, ಪಚ್ಚೆ ಬುದ್ಧನ ವಾಟ್ ಫ್ರಾ ಕೇವ್‌ಗೆ ಹೋಗುವ ಪ್ರವಾಸಿಗರು ಗಮನಿಸದೆ ದಾಟಿಬಿಡುವ ನಗರಸ್ತಂಭದ ಗುಡಿ ಇದೆ. 1782ರ ಏಪ್ರಿಲ್ 21ರಂದು ಒಂದನೇ ರಾಮ ಇಲ್ಲಿ ಕಂಬ ನೆಟ್ಟು ಬ್ಯಾಂಕಾಕ್ ರಾಜಧಾನಿಗೆ ನಾಂದಿ ಹಾಡಿದ. ಇಲ್ಲಿಯೂ ಹರಕೆ ತೀರಿಸುವವರ ಹಣದಲ್ಲಿ ನರ್ತಕಿಯರು ಕುಣಿಯುತ್ತಾರೆ. ಊರು ಹುಟ್ಟಿದ ಜಾಗದಲ್ಲಿ ನಡೆಯುವುದನ್ನೇ ಮಾಲ್‌ಗಳ ಮೂಲೆಯಲ್ಲೂ ಕಂಡೆವು. ನೆಲದ ಒಡೆಯನಿಗೆ ಮೊದಲ ಮರ್ಯಾದೆ, ಕೊಟ್ಟ ಮಾತಿಗೆ ತಪ್ಪದ ನಡೆ: ಬ್ಯಾಂಕಾಕಿನ ಭಕ್ತಿಯ ತಿರುಳು ಇವೆರಡೇ. ದೇವರು ಯಾವ ಮತದವನು ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ.

ಹೋಗುವವರಿಗೆ

ಬೆಳಗಿನ ತಂಪಿನಲ್ಲಿ ಹಳೆಯ ಊರು, ಮಧ್ಯಾಹ್ನದ ಬಳಿಕ ಸೀಲೋಮ್, ಸಂಜೆ ರಾಚ್‌ಪ್ರಸೋಂಗ್ ಎಂದು ಹಂಚಿಕೊಂಡರೆ ಬಿಸಿಲಿನ ಕಾಟ ಕಡಿಮೆ. ಗುರುವಾರವಾದರೆ ತ್ರಿಮೂರ್ತಿಯ ಸಂತೆಯನ್ನೂ ನೋಡಬಹುದು. ಚಡ್ಡಿ, ತೋಳಿಲ್ಲದ ಅಂಗಿ ತೊಟ್ಟವರನ್ನು ಅರಮನೆಯ ಆವರಣಕ್ಕೆ ಬಿಡುವುದಿಲ್ಲ. ಮಾರಿಯಮ್ಮನ ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಬುದ್ಧನ ಮುಂದೆ ಕೂರುವಾಗ ಅಂಗಾಲು ಅವನತ್ತ ಚಾಚಬೇಡಿ. ಎರಾವನ್ ಬ್ರಹ್ಮನಲ್ಲಿ ಏನನ್ನಾದರೂ ಬೇಡುವ ಮೊದಲು ಒಂದು ಮಾತು ನೆನಪಿರಲಿ. ಕೆಲಸ ಕೈಗೂಡಿದರೆ ಮತ್ತೆ ಇಲ್ಲಿಗೇ ಬಂದು ತೀರಿಸಬೇಕು ಎನ್ನುತ್ತದೆ ಇಲ್ಲಿನ ನಂಬಿಕೆ. ವಿಮಾನದ ಟಿಕೆಟ್ ದರ ನೋಡಿಕೊಂಡು ಹರಕೆ ಹೊರಿ.